ಬಂಗಡೆಗೆ ಎರಡನೇ ಅರಿಶಿನ

ಬುಧವಾರ, ೧೨ ನವೆಂಬರ್ ೨೦೨೫. ಅಂಕೋಲಾ.

ಮರೆವಿನ ಕಾಯಿಲೆ ಬಂದಮೇಲೆ ನನ್ನ ಹೆಂಡತಿ ಗೋದಾವರಿ ಮೀನಿಗೆ ಎರಡೆರಡು ಸಲ ಅರಿಶಿನ ಹಚ್ಚುತ್ತಾಳೆ. ನಾನು ರೇಗುವುದು ರೋಗದ ಮೇಲೆ. ಕೇಳಿಸುವುದು ಮಾತ್ರ ಅವಳಿಗೆ.

ಕಾರವಾರದಲ್ಲಿ ರಸಾಯನಶಾಸ್ತ್ರ ಓದುವ ಮಗಳು ರಕ್ಷಿತಾ ಇವತ್ತು ಫೋನಿನಲ್ಲಿ ಹೇಳಿದಳು: “ಅರಿಶಿನದಲ್ಲಿರೋ ಕರ್ಕ್ಯುಮಿನ್ ಮಿದುಳಲ್ಲಿ ಹೆಚ್ಚಾದ ತಾಮ್ರ, ಕಬ್ಬಿಣನ ಹಿಡ್ಕಂತದಂತೆ ಅಪ್ಪಾ. ಮರೆವು ತಡೀಲೂಬಹುದು. ಆದ್ರೆ ಇನ್ನೂ ಪ್ರಯೋಗದಲ್ಲೇ ಅದೆ. ಮೀನ್ ತಿಂದ್ರೆ ಗುಣ ಆಗ್ತದೆ ಅಂತಲ್ಲ.”

ಕೊನೆಯ ಮಾತು ನನ್ನ ಕಿವಿಗೆ ಇಳಿಯಲೇ ಇಲ್ಲ. ಸಂಜೆ ಬಂಗಡೆ ಮೀನಿಗೆ ಒಮ್ಮೆ ಹಚ್ಚಿಯಾದ ಮೇಲೆ ಗೋದಾವರಿ ಮತ್ತೆ ಡಬ್ಬಿ ತೆಗೆದಳು. ಹಚ್ಚಿದರೆ ಒಳ್ಳೆಯದೇ ಎಂದು ಈ ಸಲ ರೇಗಲಿಲ್ಲ. ಅವಳ ಕೈ ತಾನಾಗಿಯೇ ನಿಂತಿತು.

“ಆಗ್ಲೇ ಹಚ್ಚಿದ್ನೇನ್ರಿ?”

“ಹೌದೇ.”

ನಕ್ಕು ಡಬ್ಬಿ ಮುಚ್ಚಿದಳು. ಅರಿಶಿನದ ಗುಣ ಅಂತೂ ಇಷ್ಟು ಬೇಗ ಕಾಣುವುದಲ್ಲ. ಆದರೂ ನಾಳೆ ಬಂಗಡೆಯನ್ನೇ ತರುತ್ತೇನೆ. ಅವಳು ಕೇಳುವವರೆಗೂ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.