ಅವ್ವ ಪೆಡಲ್ ಒತ್ತಿದ ದಿನ

ಖಾನಾಪುರ, ೧೯೮೨

ಲೇ ತಮ್ಮಣ್ಣ,

ವಿಳಾಸ ಕೊಡದೇ ಹೋದವನಿಗೆ ಬರೆಯುವುದರಲ್ಲಿ ಒಂದು ಲಾಭವಿದೆ, ಅಂಚೆಚೀಟಿ ಬೇಡ.

ಇವತ್ತು ಬೆಳಿಗ್ಗೆ ನಿನ್ನವ್ವನಿಗೆ ಎದೆನೋವು ಬಂತು. ನೀನೂ ನಾನೂ ಕೂಡಿ ಕೊಂಡ ಹಳೇ ಕಾರಿನಲ್ಲಿ ಬೆಳಗಾವಿ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. 'ಏರಿಗೆ ಉಸಿರಿಲ್ಲ, ಇಳಿಜಾರಿಗೆ ಬ್ರೇಕಿಲ್ಲ, ಆದರೂ ನಮ್ಮಂಥ ಸಾಹುಕಾರರಿಲ್ಲ' ಎಂದು ಹಾಡುತ್ತಿದ್ದೆವಲ್ಲ, ಅದೇ ಕಾರು. ಮಚ್ಛೆಯ ಹತ್ತಿರ ಎತ್ತಿನ ಚಕ್ಕಡಿಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದರೆ ಕಾರು ಬಲಕ್ಕೆ ಎಳೆದು, ಇನ್ನೇನು ದೊಡ್ಡ ಗಿಡಕ್ಕೆ ಗುದ್ದಬೇಕು, ನಿಂತಿತು. ಮುಂದಿನ ಎಡಚಕ್ರದ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ.

ಜಾಕ್ ಹಚ್ಚಿ, ಬ್ರೇಕ್ ಡ್ರಮ್ಮಿನ ಹಿಂದಿನ ಬೋಲ್ಟ್ ಬಿಗಿಮಾಡತೊಡಗಿದೆ. ನಾನು ಚಕ್ರ ತಿರುಗಿಸುವಾಗ ಪೆಡಲ್ ಒತ್ತಲು ಇನ್ನೊಬ್ಬರು ಬೇಕು. ಯಾವಾಗಲೂ ನೀನಿರುತ್ತಿದ್ದೆ. ಅವ್ವ ತಾನೇ ಡ್ರೈವರ್ ಸೀಟಿಗೆ ಸರಿದಳು.

"ಒತ್ತಲೇನೋ ಬಾಳೂ?"

"ಒತ್ತು ಯವ್ವಾ."

"ನಮ್ಮ ತಮ್ಮಣ್ಣ ಬರೇ ಇಷ್ಟ ಮಾಡ್ತಿದ್ದನೇನು? ಮನಿಗೆ ಬಂದು ಗಾಡಿ ನಾನ ರಿಪೇರಿ ಮಾಡಿದ್ನಿ ಅಂತಿದ್ದ, ಭಾಡ್ಯಾ!"

ಇಬ್ಬರೂ ನಕ್ಕೆವು. ಅವಳು ಒತ್ತಿದಾಗ ಚಕ್ರ ನಿಂತಿತು, ಆದರೆ ತಡವಾಗಿ. ಇನ್ನಷ್ಟು ಬಿಗಿಮಾಡಿ "ಒತ್ತು" ಎಂದೆ. ಚಕ್ರ ತಿರುಗುತ್ತಲೇ ಇತ್ತು. ನನ್ನ ಕೆಲಸವೇ ಕೆಟ್ಟಿತೆಂದು ಮತ್ತೆ ಬಿಗಿಮಾಡಿದೆ. "ಜೋರ್ ಒತ್ತು ಯವ್ವಾ, ಜೋರ್" ಎಂದು ಗದರಿದೆ ಲೇ, ಗದರಿದೆ. ಚಕ್ರ ನಿಲ್ಲಲಿಲ್ಲ. ಎದ್ದು ನೋಡಿದರೆ ಪಾದ ಪೆಡಲಿನ ಮೇಲೇ ಇತ್ತು. ಅವ್ವ ಇರಲಿಲ್ಲ.

ಈಗ ಅವಳನ್ನು ನಿಮ್ಮ ಪಡಸಾಲೆಯಲ್ಲಿ ಕೂರಿಸಿದ್ದೇವೆ. ಮಗ ಬರುವತನಕ ಮಣ್ಣು ಮಾಡುವುದು ಬೇಡ ಎನ್ನುತ್ತಿದ್ದಾರೆ ಎಲ್ಲರೂ. ತಂತಿ ಕೊಟ್ಟಿದ್ದೇನೆ, ಹೊರಟಿದ್ದಾನೆ ಎಂದುಬಿಟ್ಟೆ.

ಎಲ್ಲಿಂದ ತರಲೋ ನಿನ್ನ?