ಹಿಂದಿನ ಸೀಟು

೧೪ ನವೆಂಬರ್
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನೀನು, ಅತ್ತಿಗೆ, ಮಕ್ಕಳು ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ಕನ್ನಡಕದ ಅಂಗಡಿಯ ಕೆಲಸಕ್ಕೆ ಮತ್ತೆ ಹೋಗುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ನೀನು ಹೊರಟು ನಿಂತಾಗ ನಾನು "ಕಾಗದ ಬರೀತೀನಿ" ಎಂದಿದ್ದೆ. ಇಷ್ಟು ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎರಡು ಸಾಲು ಬರೆಯುವುದು, ಹರಿದು ಹಾಕುವುದು, ಇದೇ ಆಗಿತ್ತು.

ಫೋನಿನಲ್ಲಿ ಕೇಳಿದೆಯಲ್ಲ, "ಒಬ್ಬಳಿಗೆ ಅಷ್ಟು ದೊಡ್ಡ ಬೈಕ್ ಯಾಕೆ, ಮಾರಿಬಿಡೇ" ಎಂದು. ಅದು ಮನೆಗೆ ಬಂದದ್ದೇಕೆಂದು ನಿನಗೆ ಪೂರ್ತಿ ಹೇಳಿಯೇ ಇಲ್ಲ.

ಅಪ್ಪನಿಗೆ ಡಯಾಲಿಸಿಸ್ ಶುರುವಾದಾಗ ನನ್ನ ಹತ್ತಿರ ಇದ್ದದ್ದು ಹಳೆಯ ಸಣ್ಣ ಬೈಕು. ಕಾರು ಮಾಡೋಣವೆಂದರೆ ಒಪ್ಪಲಿಲ್ಲ. "ಮುಚ್ಚಿದ ಗಾಡಿಲಿ ಹೊಟ್ಟೆ ತೊಳಸುತ್ತೆ. ಜೀವಮಾನವೆಲ್ಲ ಬಸ್ಸು ಓಡಿಸಿದವನು, ಯಾರೋ ಬ್ರೇಕ್ ಒತ್ತೋದು ನೋಡ್ಕೊಂಡು ಸುಮ್ನೆ ಕೂರೋಕಾಗುತ್ತಾ? ನಿನ್ನನ್ನಾದ್ರೆ ಬೈಬಹುದು" ಎಂದರು. ಬೈದರು ಕೂಡ, ದಾರಿಯುದ್ದಕ್ಕೂ. "ಗೇರ್ ಇಳಿಸೇ, ಇಂಜಿನ್ ಗೋಳಾಡ್ತಿರೋದು ಕೇಳಲ್ವಾ?"

ಆದರೆ ಆ ಸೀಟಿನಲ್ಲಿ ಇಬ್ಬರು ಕೂತರೆ ಅವರ ಮೊಣಕಾಲು ನನ್ನ ಸೊಂಟಕ್ಕೆ ಒತ್ತುತ್ತಿತ್ತು. ಊದಿಕೊಂಡ ಕಾಲನ್ನು ಮಡಿಚಿಕೊಂಡೇ ಇರಬೇಕಿತ್ತು. ರಸ್ತೆಯಲ್ಲಿ ಗುಂಡಿ ಬಂದಾಗೆಲ್ಲ ನನ್ನ ಭುಜದ ಮೇಲಿನ ಕೈ ಬಿಗಿಯಾಗುತ್ತಿತ್ತು, ಬಾಯಿಬಿಟ್ಟು ನೋವೆನ್ನುತ್ತಿರಲಿಲ್ಲ. ಹಿಂದೆ ಒರಗಲು ಬ್ಯಾಕ್‌ರೆಸ್ಟ್, ಫೈಲು ಕಂಬಳಿ ಇಡಲು ಒಂದು ಬಾಕ್ಸ್ ಹಾಕಿಸಿದೆ. ಏರು ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನನ್ನ ಮಾತೇ ಕೇಳಲಿಲ್ಲ. ಹಾಕಿಕೊಟ್ಟ ಮೆಕ್ಯಾನಿಕ್ಕೇ ಎಲ್ಲವನ್ನೂ ಬಿಚ್ಚಿದ. "ಅಕ್ಕಾ, ಇಷ್ಟು ಚಿಕ್ಕ ಗಾಡಿಗೆ ಇದೆಲ್ಲ ಹೊರೆ. ಭಾರವೆಲ್ಲ ಹಿಂದಕ್ಕೆ ಎಳೆಯುತ್ತೆ. ಅಪ್ಪಾವ್ರು ಆರಾಮಾಗಿ ಕೂರಬೇಕು ಅಂದ್ರೆ ದೊಡ್ಡದೇ ನೋಡಿ."

ಹಾಗೆ ಬಂತು ಇದು. ಅಗಲದ ಮೆತ್ತನೆ ಸೀಟು, ಕಾಲು ಚಾಚಲು ಹಲಗೆ, ಎರಡೂ ಪಕ್ಕ ಹಿಡಿಕೆ, ಒರಗಲು ಎತ್ತರದ ಬ್ಯಾಕ್‌ರೆಸ್ಟ್, ಅದಕ್ಕೆ ಸೇರಿಸಿ ಎದೆಗೆ ಒಂದು ಬೆಲ್ಟು. ಎತ್ತರ ಮಾತ್ರ ಜಾಸ್ತಿ, ಮನೆ ಮುಂದಿನ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿ ಹತ್ತಿಸುತ್ತಿದ್ದೆ. ಮೊದಲ ದಿನ ಕೂತು, "ಸೋಫಾನೇ ತಂದುಬಿಟ್ಟಿದೀಯಲ್ಲೇ! ಕಂಡಕ್ಟರ್ ಬಂದು ಟಿಕೆಟ್ ಕೇಳಿದ್ರೆ ಏನು ಮಾಡ್ಲಿ?" ಎಂದು ನಕ್ಕರು. ವಾಪಸು ಬರುವಾಗ ನಿದ್ದೆಹೋಗುತ್ತಿದ್ದರು. ಸಿಗ್ನಲ್‌ನಲ್ಲಿ ಅವರ ಗೊರಕೆ ಕೇಳಿ ಪಕ್ಕದವರು ನಗುತ್ತಿದ್ದರು.

ಒಂದು ದಿನ ಇಳಿಯುವಾಗ, "ಚೆನ್ನಾಗಿ ಓಡಿಸ್ತೀಯ ಕಣೇ" ಎಂದರು. ಬೈಗುಳ ನಿಂತಿದ್ದು ನನಗೆ ಆಗ ಹೊಳೆಯಿತು. ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಿನ್ನೆ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಗಾಡಿ ನೋಡಲು ಬಂದಿದ್ದರು. ಆಕೆ ಹಿಂದೆ ಕೂತು, "ರೀ, ಎಷ್ಟು ಆರಾಮಾಗಿದೆ!" ಎಂದಳು. ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ನೀನು ಹೇಳಿದ್ದಕ್ಕಲ್ಲ.

ಅತ್ತಿಗೆಗೆ ಬೆನ್ನುನೋವು ಕಡಿಮೆಯಾಗಲಿ. ಮಕ್ಕಳು ನೂರು ಕಾಲ ಚೆನ್ನಾಗಿರಲಿ, ಇಬ್ಬರಿಗೂ ಅತ್ತೆಯ ಮುತ್ತು ಕೊಡು.

ನಿನ್ನ ತಂಗಿ,
ಗುಬ್ಬಿ

ಮತ್ತೆ: ಮನೆಗೆ ಬಂದು ಕುರ್ಚಿಯಲ್ಲಿ ಕೂತ ಮೇಲೆ ಅಪ್ಪ ಹೋದರು ಎಂದು ಎಲ್ಲರಿಗೂ ಹೇಳಿದೆ. ಹಾಗಲ್ಲ ಅಣ್ಣ. ಆಸ್ಪತ್ರೆಯಿಂದ ಹೊರಡುವಾಗ ಬೆಲ್ಟು ಹಾಕಿದೆ. "ಸಾಕು ಬಿಡೇ" ಎಂದು ಹಿಂದಕ್ಕೆ ಒರಗಿದರು. ದಾರಿಯಲ್ಲಿ ನಾನು ಮಾತಾಡುತ್ತಲೇ ಇದ್ದೆ. ಅಂದು ಬೆಳಿಗ್ಗೆ ನೀನು ಫೋನಿನಲ್ಲಿ ಹೇಳಿದ್ದೆಯಲ್ಲ, ಮಗಳು ಯಾರೂ ಹಿಡಿದುಕೊಳ್ಳದೆ ಸೈಕಲ್ ಹೊಡೆದಳೆಂದು, ಅದನ್ನೇ ಹೇಳುತ್ತಿದ್ದೆ. ಉತ್ತರ ಬರಲಿಲ್ಲ, ನಿದ್ದೆ ಎಂದುಕೊಂಡೆ. ಹಳೆಯ ಗಾಡಿಯಾಗಿದ್ದರೆ ಕೈ ಜಾರಿದ್ದು ಭುಜಕ್ಕೆ ತಿಳಿಯುತ್ತಿತ್ತು. ಇದರಲ್ಲಿ ಅವರು ಒಂದಿಷ್ಟೂ ವಾಲಲಿಲ್ಲ. ಮೆಟ್ಟಿಲ ಹತ್ತಿರ ನಿಲ್ಲಿಸಿ, "ಅಪ್ಪಾ, ಮನೆ ಬಂತು" ಎಂದೆ. ಮೊದಲೇ ತಿಳಿದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ನಂಬಿದ್ದೇನೆ. ನಿನ್ನ ಮಗಳ ಸುದ್ದಿಯನ್ನು ಅವರು ಕೇಳಿಸಿಕೊಂಡರೋ ಇಲ್ಲವೋ, ಅದೊಂದನ್ನು ಯಾರನ್ನು ಕೇಳಲಿ?