ಪಕ್ಕದ ಆಕಾಶ

ಮಾರ್ಚ್ 4
ರೇಡಿಯೋ ದೂರದರ್ಶಕದ ರಿಸೀವರ್ ಮತ್ತೆ ಕೈಕೊಟ್ಟಿತು. ಮೆಕ್ಯಾನಿಕ್ ಬಂದು ಗೊಣಗುತ್ತಲೇ ಸರಿಮಾಡಿದ. ಮಧ್ಯಾಹ್ನ ಡಿಶ್ ತಿರುಗಿಸಿ ಅದೇ ಮುದಿ ನಕ್ಷತ್ರದತ್ತ ನಿಲ್ಲಿಸಿದೆ. ಕೆಂಪು ದೈತ್ಯ. ತನ್ನ ಮೈಯನ್ನೇ ಅನಿಲವಾಗಿ ಸುತ್ತಲೂ ಉದುರಿಸಿಕೊಳ್ಳುತ್ತಿದೆ. ಆ ಅನಿಲದಲ್ಲಿ ಪರಮಾಣು ರೂಪದ ಹೈಡ್ರೋಜನ್ ಇದೆಯೇ? ನನ್ನ ಗೈಡ್ ಸರ್ ಇದೊಂದರ ಹಿಂದೆಯೇ ಆಯುಷ್ಯ ಕಳೆದರು. ಈಗ ಆಸ್ಪತ್ರೆಯಲ್ಲಿದ್ದಾರೆ. ಲಿವರ್...

ಮಾರ್ಚ್ 9
ಆಸ್ಪತ್ರೆಗೆ ಹೋದೆ. ಸರ್ ಅವರ ಕಣ್ಣು ಪೂರ್ತಿ ಹಳದಿ.
"ಸಿಗ್ನಲ್ ಬಂತೇನಮ್ಮಾ?"
"ಬಂದಿದೆ ಸರ್. ಆದ್ರೆ ನಕ್ಷತ್ರದ್ದೋ, ದಾರೀಲಿರೋ ಬೇರೆ ಹೈಡ್ರೋಜನ್ ಮೋಡದ್ದೋ ಗೊತ್ತಾಗ್ತಿಲ್ಲ."
"ಪಕ್ಕದ ಆಕಾಶದಲ್ಲಿ ಬರೀ ಮೋಡ ಇರತ್ತೆ. ಅದನ್ನ ನೋಡಿ ಕಳೆದುಬಿಡು. ಉಳಿದದ್ದು ನಮ್ದು. ಒಂದನೇ ಕ್ಲಾಸಿನ ಲೆಕ್ಕ!" ನಕ್ಕರು. ನಗು ಕೆಮ್ಮಾಯಿತು.
ಅವರ ಹೆಂಡತಿ — ನಾನು ಅಕ್ಕ ಅನ್ನುವುದು — ಕಾರಿಡಾರ್‌ವರೆಗೆ ಬಂದರು. "ಬೇಗ ಮಾಡಮ್ಮಾ. ಅದೊಂದಕ್ಕೇ ಜೀವ ಹಿಡ್ಕೊಂಡಿದ್ದಾರೆ."

ಮಾರ್ಚ್ 15
ಕಳೆದೆ. ಉಳಿದದ್ದು ಸೊನ್ನೆ. ಪಕ್ಕದಲ್ಲೂ ಗ್ರಾಫಿನಲ್ಲಿ ಅದೇ ಉಬ್ಬು, ಅದೇ ಎತ್ತರ. ಅಂದರೆ ಬರೀ ಮೋಡ. ಮತ್ತೆ ಮಾಡಿದೆ. ಸೊನ್ನೆ.


ಮಾರ್ಚ್ 16
ಒಂದು ಸುಳ್ಳನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಸರ್ ಮುಖ ನೋಡಿದ್ದೇ ಮರೆತುಹೋಯಿತು.
"ನಮ್ದಲ್ಲ ಸರ್."
"ಹೋಗ್ಲಿ ಬಿಡು. ಸುಳ್ಳು ಹೇಳಲ್ಲ ಅಂತಾನೇ ನಿನ್ ಕೈಗೆ ಕೊಟ್ಟಿದ್ದು." ಗೋಡೆ ಕಡೆ ತಿರುಗಿ ಮಲಗಿದರು.
ಲಿಫ್ಟ್ ಹತ್ತಿರ ಅಕ್ಕ ತೋಳು ಹಿಡಿದು ನಿಲ್ಲಿಸಿದರು. "ಸಾಯೋ ಮನುಷ್ಯನಿಗೆ ಒಂದು ಸುಳ್ಳು ಹೇಳೋಕಾಗ್ಲಿಲ್ವೇನೇ ನಿಂಗೆ?"

ಮಾರ್ಚ್ 19
ಸರ್ ಹೋದರು. ಬೆಳಿಗ್ಗೆ.
ಅಕ್ಕ ನನ್ನತ್ತ ತಿರುಗಿಯೂ ನೋಡಲಿಲ್ಲ.

ಏಪ್ರಿಲ್ 27
ಡಿಶ್ ಯಾರ ಪಾಳಿಯೂ ಇಲ್ಲದೆ ಖಾಲಿ ಇತ್ತು. ಸುಮ್ಮನೆ ಕೂರಲಾಗದೆ ಮತ್ತೆ ಅದೇ ನಕ್ಷತ್ರ. ಈ ಸಲ ಹೋಲಿಸಲು ಪಕ್ಕಕ್ಕಲ್ಲ, ತುಂಬ ದೂರ ಸರಿದೆ. ಕಳೆದೆ.
ಉಬ್ಬು ಉಳಿಯಿತು! ಪುಟ್ಟದು, ಚೂಪು. ಸರಿಯಾಗಿ ನಕ್ಷತ್ರ ಚಲಿಸುವ ವೇಗಕ್ಕೆ ಹೊಂದುವ ಜಾಗದಲ್ಲೇ. ಅಂದರೆ ಮೋಡದ್ದಲ್ಲ, ನಕ್ಷತ್ರದ್ದೇ.
ಅನಿಲದ ಹೊದಿಕೆ ನಾವು ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡದು. ಪಕ್ಕದ ಆಕಾಶ ಅಂದುಕೊಂಡದ್ದೂ ನಕ್ಷತ್ರದ್ದೇ. ಅದರಿಂದ ಅದನ್ನೇ ಕಳೆದು, ಏನೂ ಇಲ್ಲ ಅಂತ ಹೇಳಿಬಂದೆ.

ಮೇ 2
ಎಲ್ಲ ದಿಕ್ಕಿನಿಂದಲೂ ನೋಡಿದ್ದಾಯಿತು. ಹೈಡ್ರೋಜನ್ ಇದೆ.
ಅಕ್ಕನ ಮನೆಗೆ ಹೋದೆ. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು. ಅಳಲಿಲ್ಲ.
"ಅಂದ್ರೆ... ಅವತ್ತು ನೀನು ಹೇಳಿದ್ದೇ ಸುಳ್ಳು," ಅಂದರು.